ಗರ್ಭಿಣಿ ಗ್ಯಾಸ್ ಒಲೆ ಮುಂದೆ ನಿಂತು ಅಡುಗೆ ಮಾಡಬಹುದಾ?

ಪ್ರಶ್ನೆ: ನನಗೀಗ ಐದು ತಿಂಗಳು. ನಮ್ಮ ಅಡುಗೆಮನೆ ಚಿಕ್ಕದು, ಇರುವುದು ಒಂದೇ ಕಿಟಕಿ. ಹೋದ ವಾರ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನಾನು ಪಕ್ಕದ ರೂಮಿನಲ್ಲಿದ್ದೆ. ಎರಡು ಮೂರು ನಿಮಿಷ ಗ್ಯಾಸ್ ಸೋರಿರಬೇಕು. ವಾಸನೆ ಬಂದ ತಕ್ಷಣ ಓಡಿಹೋಗಿ ಆಫ್ ಮಾಡಿ, ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಮಗುವಿಗೆ ಏನಾದರೂ ಆಗಿದೆಯೇನೋ ಅಂತ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಅಡುಗೆ ಮಾಡುವಾಗ ಒಮ್ಮೊಮ್ಮೆ ತಲೆ ಭಾರವಾಗಿ ವಾಕರಿಕೆಯೂ ಬರುತ್ತದೆ. ಹೆರಿಗೆ ಆಗುವವರೆಗೆ ಒಲೆ ಹತ್ತಿರ ಹೋಗಲೇಬೇಡ ಅಂತ ಅತ್ತೆ ಹೇಳುತ್ತಿದ್ದಾರೆ. ನಿಜವಾಗಲೂ ನಿಲ್ಲಿಸಬೇಕಾ?

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿರುವ ವಿಷಯಕ್ಕೇ ಬರುತ್ತೇನೆ. ಅವತ್ತು ಎರಡು ಮೂರು ನಿಮಿಷ ಸೋರಿದ ಗ್ಯಾಸ್ ಮಗುವಿಗೆ ತೊಂದರೆ ಮಾಡುವಂಥದ್ದಲ್ಲ. ಸಿಲಿಂಡರ್‌ನಲ್ಲಿ ಬರುವ ಎಲ್‌ಪಿಜಿ ಅಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಉಸಿರಿನ ಜೊತೆ ಸ್ವಲ್ಪ ಒಳಗೆ ಹೋದರೂ ಅದು ಹೆಚ್ಚಾಗಿ ಉಸಿರಿನಲ್ಲೇ ವಾಪಸ್ ಬಂದುಬಿಡುತ್ತದೆ. ಮೈಯಲ್ಲಿ ಕೂತು ಮಗುವಿನ ತನಕ ಹೋಗಿ ಕಾಡುವ ವಿಷ ಅದಲ್ಲ. ಉಸಿರು ಕಟ್ಟುವಷ್ಟು ಗ್ಯಾಸ್ ರೂಮಿನಲ್ಲಿ ತುಂಬಬೇಕಾದರೆ, ಅದಕ್ಕಿಂತ ಎಷ್ಟೋ ಮೊದಲೇ ಬೆಂಕಿ ಹೊತ್ತಿಕೊಳ್ಳುವ ಅಪಾಯ ಬಂದಿರುತ್ತದೆ.

ಇನ್ನು ಆ ಕೆಟ್ಟ ವಾಸನೆ. ಗ್ಯಾಸ್‌ಗೆ ತನ್ನದೇ ಆದ ವಾಸನೆ ಇಲ್ಲ ಅಂದರೂ ನಡೆಯುತ್ತದೆ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎನ್ನುವ ಗಂಧಕದ ಪದಾರ್ಥವನ್ನು ಚೂರೇ ಚೂರು ಬೆರೆಸಿರುತ್ತಾರೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಎಲ್‌ಪಿಜಿ ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಅದರ ಐದನೇ ಒಂದು ಪಾಲು ಸೇರುವಷ್ಟರಲ್ಲೇ ಮೂಗಿಗೆ ಗೊತ್ತಾಗಬೇಕು ಅನ್ನುವ ಲೆಕ್ಕದಲ್ಲಿ ವಾಸನೆ ಬೆರೆಸುತ್ತಾರೆ. ಅಂದರೆ ಅವತ್ತು ನಿಮ್ಮ ಮೂಗಿಗೆ ಬಡಿದದ್ದು ಎಚ್ಚರಿಕೆಯ ಗಂಟೆ. ನೀವು ಅದನ್ನು ಕೇಳಿಸಿಕೊಂಡು ಓಡಿಹೋಗಿ ನಾಬ್ ತಿರುಗಿಸಿದಿರಿ. ಒಳ್ಳೆಯದೇ ಮಾಡಿದಿರಿ.

ಆದರೆ ಆಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿದಿರಲ್ಲ, ಅದೊಂದು ಇನ್ನು ಮುಂದೆ ಬೇಡ. ಗಾಬರಿಯಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ನಿಮ್ಮನ್ನು ದೂರುತ್ತಿಲ್ಲ. ಸ್ವಿಚ್ ಒತ್ತಿದಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಹಾಕುವಾಗಲೂ ಹಾರಬಹುದು, ಆರಿಸುವಾಗಲೂ ಹಾರಬಹುದು. ಫ್ಯಾನ್ ಓಡುತ್ತಿದ್ದರೆ ಓಡುತ್ತಿರಲಿ, ಲೈಟ್ ಉರಿಯುತ್ತಿದ್ದರೆ ಉರಿಯುತ್ತಿರಲಿ, ಯಾವುದನ್ನೂ ಮುಟ್ಟಬೇಡಿ. ಒಲೆಯ ನಾಬ್ ತಿರುಗಿಸಿ, ಕೈಗೆ ಎಟಕುವಂತಿದ್ದರೆ ರೆಗ್ಯುಲೇಟರ್ ಕೂಡ ಆಫ್ ಮಾಡಿ, ಕಿಟಕಿ ಬಾಗಿಲು ಪೂರ್ತಿ ತೆಗೆದು ಹೊರಗೆ ಹೋಗಿ ನಿಂತುಬಿಡಿ. ಫೋನ್ ಮಾಡುವುದಿದ್ದರೆ ಹೊರಗೆ ಹೋದ ಮೇಲೆ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ, ಒಲೆ ಕಟ್ಟೆಯ ಕೆಳಗೆ, ಮೂಲೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಕಿಟಕಿ ತೆಗೆದರೆ ಸಾಲದು, ನೆಲಮಟ್ಟದಲ್ಲಿ ಗಾಳಿಗೆ ದಾರಿ ಕೊಡುವ ಬಾಗಿಲನ್ನೂ ತೆಗೆಯಬೇಕು. ಪೈಪ್‌ಲೈನ್‌ನಲ್ಲಿ ಬರುವ ಗ್ಯಾಸ್ ಇದಕ್ಕೆ ಉಲ್ಟಾ. ಅದು ಮೀಥೇನ್, ಗಾಳಿಗಿಂತ ಹಗುರ, ಸೂರಿನ ಕಡೆ ಏರುತ್ತದೆ. ನಿಮ್ಮ ಮನೆಗೆ ಬರುವುದು ಯಾವುದು ಅಂತ ತಿಳಿದುಕೊಂಡಿರಿ. ಗ್ಯಾಸ್ ಡಿಟೆಕ್ಟರ್ ಹಾಕಿಸುವುದಾದರೆ ನೆಲದ ಹತ್ತಿರವೋ ಸೂರಿನ ಹತ್ತಿರವೋ ಅನ್ನುವುದು ಅದರ ಮೇಲೆಯೇ ನಿಂತಿದೆ.

ಈಗ ನಿಮ್ಮ ಪತ್ರದ ಇನ್ನೊಂದು ಸಾಲು. ತಲೆ ಭಾರ, ವಾಕರಿಕೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಗಮನ ನಿಂತದ್ದು ಅಲ್ಲೇ. ವಾಸನೆ ಬರುವ ಗ್ಯಾಸ್‌ಗೆ ಎಲ್ಲರೂ ಹೆದರುತ್ತಾರೆ. ಗರ್ಭಿಣಿಯ ವಿಷಯದಲ್ಲಿ ನನಗೆ ಅದಕ್ಕಿಂತ ಜಾಸ್ತಿ ಚಿಂತೆ, ಗ್ಯಾಸ್ ಉರಿದ ಮೇಲೆ ಬರುವ, ವಾಸನೆಯೇ ಇಲ್ಲದ ಒಂದು ಅನಿಲದ್ದು. ಕಾರ್ಬನ್ ಮೊನಾಕ್ಸೈಡ್.

ಒಲೆ ಸರಿಯಾಗಿ ಉರಿದು, ಸಾಕಷ್ಟು ಗಾಳಿ ಸಿಕ್ಕರೆ ಇದು ಹುಟ್ಟುವುದು ತೀರಾ ಕಡಿಮೆ. ಬರ್ನರ್ ಕಟ್ಟಿಕೊಂಡಿದ್ದರೆ, ಅಥವಾ ಮುಚ್ಚಿದ ಚಿಕ್ಕ ಕೋಣೆಯಲ್ಲಿ ತುಂಬಾ ಹೊತ್ತು ಉರಿಸಿದರೆ ಅರೆಬರೆ ಉರಿದು ಇದು ಜಾಸ್ತಿಯಾಗುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಿರುಗುತ್ತದೆ, ಅಲ್ವಾ? ಕಾರ್ಬನ್ ಮೊನಾಕ್ಸೈಡ್ ಅದೇ ಜಾಗಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಸೀಟು ಸಿಗುವುದಿಲ್ಲ. ತಾಯಿಯ ರಕ್ತದಿಂದ ಇದು ಮಾಸನ್ನು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ. ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು, ಇದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಾಯಿಯ ರಕ್ತದಿಂದ ಇದು ಅರ್ಧಕ್ಕೆ ಇಳಿಯಲು ಸಾಮಾನ್ಯ ಗಾಳಿಯಲ್ಲಿ 4ರಿಂದ 5 ಗಂಟೆ ಬೇಕು. ಮಗುವಿನಲ್ಲಿ ಏರುವುದೂ ನಿಧಾನ, ಇಳಿಯುವುದೂ ನಿಧಾನ. ತಾಯಿಗೆ ಹುಷಾರಾದ ಮೇಲೂ ಮಗುವಿನ ರಕ್ತದಲ್ಲಿ ಸ್ವಲ್ಪ ಉಳಿದಿರುತ್ತದೆ. ಸಾಲದ್ದಕ್ಕೆ ಬಸುರಿಯಲ್ಲಿ ಉಸಿರಾಟವೇ ಜಾಸ್ತಿ. ಒಂದು ನಿಮಿಷಕ್ಕೆ ಎಳೆದುಕೊಳ್ಳುವ ಗಾಳಿ ಮೊದಲಿಗಿಂತ 30ರಿಂದ 50 ಶೇಕಡಾದಷ್ಟು ಏರಿರುತ್ತದೆ. ಅದೇ ಅಡುಗೆಮನೆ, ಅದೇ ಗಾಳಿ, ಆದರೆ ನಿಮ್ಮೊಳಗೆ ಹೋಗುವುದು ಜಾಸ್ತಿ.

ಇದರ ಲಕ್ಷಣಗಳು ಏನು ಗೊತ್ತಾ? ತಲೆನೋವು, ತಲೆ ಸುತ್ತು, ವಾಕರಿಕೆ, ಸುಸ್ತು. ಇದರಲ್ಲಿ ಯಾವುದು ಬಸುರಿಯಲ್ಲಿ ಬರುವುದಿಲ್ಲ ಹೇಳಿ? ಮನೆಯವರು, ಕೆಲವು ಸಲ ವೈದ್ಯರೂ, 'ಬಸುರಿ ಸಂಕಟ, ಸರಿಹೋಗುತ್ತೆ' ಅಂದುಬಿಡುತ್ತಾರೆ. ನಾನೂ ಒಮ್ಮೆ ಹಾಗೇ ಅಂದಿದ್ದೆ. ಆರು ತಿಂಗಳ ಗರ್ಭಿಣಿ ಒಬ್ಬರು ಮೂರು ಸಲ ತಲೆನೋವು ಅಂತ ಬಂದರು. ಬಿಪಿ ಸರಿ ಇತ್ತು, ರಕ್ತ ಸರಿ ಇತ್ತು. ಮೂರನೇ ಸಲ ಹೊರಡುವಾಗ ಬಾಗಿಲ ಹತ್ತಿರ ನಿಂತು, 'ಅಮ್ಮನ ಮನೆಯಲ್ಲಿ ಒಂದು ವಾರ ಇದ್ದೆ ಡಾಕ್ಟ್ರೇ, ಒಂದು ದಿನವೂ ತಲೆ ನೋಯಲಿಲ್ಲ' ಅಂದರು. ವಾಪಸ್ ಕರೆದು ಕೂರಿಸಿ ಕೇಳಿದೆ. ದಿನಾ ಬೆಳಿಗ್ಗೆ ಸ್ನಾನ ಆದ ಮೇಲೇ ನೋವು ಶುರುವಾಗುತ್ತಿತ್ತು. ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್, ಚಳಿ ಅಂತ ಕಿಟಕಿ ಮುಚ್ಚಿದ್ದರು. ಅವರ ಆ ಒಂದು ಮಾತು ಕಿವಿಗೆ ಬೀಳದೇ ಹೋಗಿದ್ದರೆ ಅನ್ನುವ ಯೋಚನೆ ಇವತ್ತಿಗೂ ಬರುತ್ತದೆ. ಅಂದಿನಿಂದ ತಲೆನೋವು ಅಂತ ಬರುವ ಪ್ರತಿ ಗರ್ಭಿಣಿಗೂ ನಾನು ಕೇಳುವ ಪ್ರಶ್ನೆಗಳೇ ಬೇರೆ.

ಅವನ್ನೇ ನಿಮಗೂ ಕೇಳುತ್ತೇನೆ. ತಲೆ ಭಾರ ಬರುವುದು ಒಲೆ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಮಾತ್ರವಾ, ಬೇರೆ ಹೊತ್ತಿನಲ್ಲೂ ಬರುತ್ತದಾ? ಹೊರಗೆ ಗಾಳಿಗೆ ಹೋಗಿ ಅರ್ಧ ಗಂಟೆ ಒಂದು ಗಂಟೆ ಕೂತರೆ ಇಳಿಯುತ್ತದಾ? ಅದೇ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರಿಗಾದರೂ ತಲೆ ನೋಯುತ್ತದಾ? ಬಸುರಿ ಸಂಕಟ ಒಬ್ಬರಿಗೇ ಬರುತ್ತದೆ. ಅತ್ತೆಗೂ ನಿಮಗೂ ಒಟ್ಟಿಗೆ ತಲೆ ನೋಯ್ದರೆ ಅದು ಬಸುರಿ ಸಂಕಟವಲ್ಲ, ಮನೆಯ ಗಾಳಿಯಲ್ಲೇ ಏನೋ ಇದೆ. ಹಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಾರ್ಬನ್ ಮೊನಾಕ್ಸೈಡ್ ಇರಬಹುದಾ ನೋಡಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅದು ಯಾರ ತಲೆಗೂ ಹೊಳೆಯದೆ ಹೋಗಬಹುದು.

ಇಲ್ಲಿ ಒಂದು ಮಾತು ತಪ್ಪದೇ ನೆನಪಿಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೋಡಿ, 98 ಇದೆ, ಏನೂ ಆಗಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆಮ್ಲಜನಕ ಹೊತ್ತ ರಕ್ತವೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವೂ ಸಾಮಾನ್ಯ ಆಕ್ಸಿಮೀಟರ್‌ಗೆ ಒಂದೇ ಥರ ಕಾಣುತ್ತದೆ. ವಿಷ ಏರಿದ್ದರೂ ಅದು ಒಳ್ಳೆಯ ನಂಬರನ್ನೇ ತೋರಿಸಬಹುದು. ಸರಿಯಾಗಿ ಗೊತ್ತಾಗುವುದು ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎನ್ನುವ ರಕ್ತಪರೀಕ್ಷೆಯಲ್ಲಿ. ಅದನ್ನೂ ಬೇಗ ಮಾಡಿಸಬೇಕು, ತಡವಾದಷ್ಟೂ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಇದೆ ಅಂತ ಗೊತ್ತಾದರೆ ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಗರ್ಭಿಣಿಗೆ ಬೇರೆಯವರಿಗಿಂತ ಜಾಸ್ತಿ ಹೊತ್ತು ಕೊಡುತ್ತಾರೆ, ಮಗುವಿನ ರಕ್ತವೂ ತಿಳಿಯಾಗಬೇಕಲ್ಲ. 'ನನಗೀಗ ಆರಾಮಾಗಿದೆ, ಸಾಕು' ಅಂತ ಮಧ್ಯದಲ್ಲಿ ಎದ್ದುಬರಬೇಡಿ.

ಹೆದರಿಸಲು ಇಷ್ಟೆಲ್ಲ ಹೇಳುತ್ತಿಲ್ಲ. ನಿಮ್ಮ ತಲೆ ಭಾರಕ್ಕೆ ಕಾರಣ ಬರೀ ಸೆಕೆ ಇರಬಹುದು, ಹೊಟ್ಟೆ ಖಾಲಿ ಇರುವುದು, ಮಸಾಲೆ ಎಣ್ಣೆಯ ಘಾಟು, ತುಂಬಾ ಹೊತ್ತು ನಿಂತದ್ದು ಯಾವುದೂ ಇರಬಹುದು. ಆದರೆ ಕಾರ್ಬನ್ ಮೊನಾಕ್ಸೈಡ್ ಅಲ್ಲ ಅಂತ ಖಚಿತ ಮಾಡಿಕೊಳ್ಳುವುದು ಅಷ್ಟು ಕಷ್ಟದ ಕೆಲಸವೇನಲ್ಲ.

ಇವತ್ತು ಸಂಜೆ ಒಲೆ ಹಚ್ಚಿ, ಪಾತ್ರೆ ಇಡುವ ಮೊದಲು ಒಂದು ನಿಮಿಷ ಉರಿಯನ್ನೇ ನೋಡಿ. ಲೈಟ್ ಆರಿಸಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಉರಿ ನೀಲಿ. ಬುಡದಲ್ಲಿ ಚೂಪಾದ ಸಣ್ಣ ಸಣ್ಣ ನೀಲಿ ಮೊನೆಗಳು, ಸುತ್ತಲೂ ಒಂದೇ ಎತ್ತರ, ಅಲುಗಾಡದೆ ನಿಂತಿರುತ್ತವೆ. ಒಂದು ಕಡೆ ಎತ್ತರ ಒಂದು ಕಡೆ ಗಿಡ್ಡ ಇದ್ದರೆ, ಕೆಲವು ತೂತುಗಳಲ್ಲಿ ಉರಿಯೇ ಇಲ್ಲದಿದ್ದರೆ ಬರ್ನರ್ ಕಟ್ಟಿಕೊಂಡಿದೆ. ಹೋದ ವಾರ ಉಕ್ಕಿದ ಹಾಲು ಅಲ್ಲೇ ಒಣಗಿ ಕೂತಿರುವ ಸಾಧ್ಯತೆ ಜಾಸ್ತಿ. ತುದಿಯಲ್ಲಿ ಹಳದಿ ಬಣ್ಣ ಓಲಾಡುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಉಪ್ಪೋ ಧೂಳೋ ಬಿದ್ದಾಗ ಒಂದು ಕ್ಷಣ ಕಿತ್ತಳೆ ಬಣ್ಣ ಮಿಂಚಿ ಹೋಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಹಳದಿ ನಿಂತೇ ಇದ್ದರೆ ಅದು ಬೇರೆ ಮಾತು. ಇನ್ನೊಂದು ಗುರುತು ಪಾತ್ರೆಯ ತಳ. ಗ್ಯಾಸ್ ಒಲೆಯಲ್ಲಿ ಪಾತ್ರೆಗೆ ಮಸಿ ಹಿಡಿಯಬಾರದು. ಬೆರಳಿಟ್ಟು ಉಜ್ಜಿದರೆ ಕಪ್ಪು ಅಂಟಿತು ಅಂದರೆ ಒಲೆಗೆ ರಿಪೇರಿ ಬೇಕು.

ಬರ್ನರ್ ತಣ್ಣಗಾದ ಮೇಲೆ ತೆಗೆದು, ಬಿಸಿನೀರಲ್ಲಿ ಸೋಪು ಹಾಕಿ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಇದ್ದರೂ ಉರಿ ಸರಿ ಬರುವುದಿಲ್ಲ. ಇಷ್ಟಾದರೂ ಹಳದಿ ಹೋಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ಒಳಗಿನ ಜೆಟ್ಟು, ಗಾಳಿ ಎಳೆಯುವ ಕಿಂಡಿ ಸರಿಮಾಡುವುದು ಅವರ ಕೆಲಸ. ಪೈಪ್ ಮತ್ತು ರೆಗ್ಯುಲೇಟರ್ ಕೂಡಿದ ಜಾಗಕ್ಕೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ. ಬೆಂಕಿಕಡ್ಡಿ ಹಿಡಿದು ನೋಡುವ ಹುಚ್ಚು ಯಾರಿಗೂ ಬೇಡ. ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಅದರ ಮೇಲಿನ ಅವಧಿ ಮುಗಿದಿದ್ದರೆ ಬದಲಾಯಿಸಿ. ಇದನ್ನೆಲ್ಲ ಬಗ್ಗಿ, ಕೂತು ನೀವೇ ಮಾಡಬೇಕಾಗಿಲ್ಲ. ಮನೆಯಲ್ಲಿ ಬೇರೆಯವರಿದ್ದಾರಲ್ಲ, ಅವರು ಮಾಡಲಿ. ತುಂಬಿದ ಸಿಲಿಂಡರನ್ನಂತೂ ನೀವು ಎತ್ತಲೂ ಬೇಡಿ, ಎಳೆಯಲೂ ಬೇಡಿ.

ಮೂಗನ್ನು ಮಾತ್ರ ನಂಬಿಕೊಂಡು ಕೂರಬೇಡಿ ಅಂತಲೂ ಹೇಳಬೇಕು. ಬಸುರಿಯಲ್ಲಿ ವಾಸನೆ ಜಾಸ್ತಿ ಗೊತ್ತಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಅದೇ ಬಸುರಿಯಲ್ಲಿ ನೆಗಡಿ ಇಲ್ಲದೆಯೂ ಮೂಗು ಕಟ್ಟುವುದಿದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಯೂ ಹೋಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. ಅದಕ್ಕೆ ಅಂತಲೇ ಬ್ಯಾಟರಿಯಲ್ಲಿ ಓಡುವ ಅಲಾರಾಂ ಸಿಗುತ್ತದೆ. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ಬೇರೆ, ಇದು ಬೇರೆ. ಒಂದು ಇದ್ದರೆ ಇನ್ನೊಂದರ ಕೆಲಸ ಆಗುವುದಿಲ್ಲ. ನಿಮ್ಮ ಕೈಲಿ ಒಂದೇ ತರಲು ಆಗುವುದಾದರೆ, ಮನೆಯಲ್ಲಿ ಗ್ಯಾಸ್ ಗೀಸರ್ ಕೂಡ ಇದ್ದರೆ, ನಾನು ಕಾರ್ಬನ್ ಮೊನಾಕ್ಸೈಡ್ ಅಲಾರಾಂ ತನ್ನಿ ಅನ್ನುತ್ತೇನೆ. ಅದಕ್ಕೂ ಆಯಸ್ಸು ಇದೆ, ಹಿಂದೆ ಬರೆದಿರುವ ದಿನಾಂಕ ನೋಡಿ.

ಗಾಳಿಯ ವಿಷಯಕ್ಕೆ ಬಂದರೆ, ಹೆಚ್ಚಿನ ಮನೆಗಳಲ್ಲಿ ಎಕ್ಸಾಸ್ಟ್ ಫ್ಯಾನ್ ಇರುತ್ತದೆ, ಆದರೆ ಹೊಗೆ ಮುತ್ತಿದ ಮೇಲೆ ಹಾಕುತ್ತಾರೆ. ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಗಾಳಿ ಹೊರಗೆ ಹೋಗಬೇಕಾದರೆ ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಸುಮ್ನೆ ಸದ್ದು ಮಾಡುತ್ತದೆ ಅಷ್ಟೆ. ನಿಮ್ಮಲ್ಲಿ ಒಂದೇ ಕಿಟಕಿ ಇರುವುದರಿಂದ ಅದನ್ನೂ ತೆಗೆದು, ಬಾಗಿಲನ್ನೂ ತೆಗೆದಿಡಿ. ಚಿಮಣಿ ಇದ್ದರೆ ಅದರ ಕೊಳವೆ ಹೊರಗೆ ಹೋಗಿದೆಯಾ ನೋಡಿ. ಕೊಳವೆ ಇಲ್ಲದೆ, ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿಗಳೂ ಇವೆ. ಅವು ಜಿಡ್ಡು ಹಿಡಿಯುತ್ತವೆ, ಘಾಟು ಕಡಿಮೆ ಮಾಡುತ್ತವೆ. ಕಾರ್ಬನ್ ಮೊನಾಕ್ಸೈಡ್ ಹಿಡಿಯುವುದಿಲ್ಲ.

ಗ್ಯಾಸ್ ಉರಿಯಿಂದ ಬರುವ ಇನ್ನೊಂದು ಅನಿಲ ನೈಟ್ರೋಜನ್ ಡಯಾಕ್ಸೈಡ್. ಇದು ಉರಿ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಬಂದೇ ಬರುತ್ತದೆ. ಉಸಿರಿನ ನಾಳಗಳನ್ನು ಕೆರಳಿಸುತ್ತದೆ. ಅಸ್ತಮಾ ಇರುವ ಗರ್ಭಿಣಿಯರು ಇದರ ಬಗ್ಗೆ ಜಾಸ್ತಿ ಹುಷಾರಾಗಿರಬೇಕು, ಅಡುಗೆ ಮಾಡುವಾಗ ಎದೆ ಬಿಗಿಯುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದರೆ ಬರುವ ಹೊಗೆ ಇದರ ಮೇಲೆ ಇನ್ನೊಂದು. ಅದು ಯಾವ ಒಲೆಯಾದರೂ ಬರುತ್ತದೆ, ಕರೆಂಟ್ ಒಲೆಯಲ್ಲೂ. ಪರಿಹಾರ ಮತ್ತೆ ಅದೇ ಕಿಟಕಿ, ಅದೇ ಫ್ಯಾನ್.

ಇಷ್ಟು ಓದಿ ಗ್ಯಾಸ್ ಬಿಟ್ಟು ಸೌದೆ ಒಲೆಗೋ ಇದ್ದಿಲಿಗೋ ಹೋಗಬೇಡಿ ದಯವಿಟ್ಟು. ಗ್ವಾಟೆಮಾಲಾ, ಭಾರತ, ಪೆರು, ರುವಾಂಡಾ ದೇಶಗಳ ಸುಮಾರು 3200 ಗರ್ಭಿಣಿಯರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಅರ್ಧದಷ್ಟು ಜನರಿಗೆ ಎಲ್‌ಪಿಜಿ ಒಲೆ ಕೊಟ್ಟಿದ್ದರು, ಉಳಿದವರು ಸೌದೆಯಂಥ ಉರುವಲಿನಲ್ಲೇ ಮುಂದುವರಿದರು. ಗ್ಯಾಸ್ ಬಳಸಿದವರು ಉಸಿರಾಡಿದ ಗಾಳಿಯಲ್ಲಿ ಹೊಗೆಯ ಸಣ್ಣ ಕಣಗಳು ತುಂಬಾ ಕಡಿಮೆಯಾಗಿದ್ದವು. ಹುಟ್ಟಿದ ಮಕ್ಕಳ ತೂಕದಲ್ಲಿ ಮಾತ್ರ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಮಗುವಿನ ತೂಕ ಹತ್ತಾರು ವಿಷಯಗಳ ಮೇಲೆ ನಿಂತಿರುತ್ತದೆ, ಒಲೆ ಬದಲಾಯಿಸಿದ ಮಾತ್ರಕ್ಕೆ ಬದಲಾಗಲಿಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ಆದರೂ ಹೊಗೆ ಮತ್ತು ಗ್ಯಾಸ್ ಎರಡರಲ್ಲಿ ಆಯ್ಕೆ ಅಂದರೆ ಗ್ಯಾಸೇ ಮೇಲು.

ಇಂಡಕ್ಷನ್ ಒಲೆ ಇದ್ದರೆ ಇನ್ನೂ ಒಳ್ಳೆಯದು, ಉರಿಯೂ ಇಲ್ಲ, ಅನಿಲವೂ ಇಲ್ಲ. ಅದರಿಂದ ಬರುವ ಕಾಂತಕ್ಷೇತ್ರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ದೂರ ಹೋದಷ್ಟೂ ಬೇಗ ಕ್ಷೀಣಿಸುತ್ತದೆ. ಒಲೆಯ ಅಂಚಿಗೆ ಹೊಟ್ಟೆ ಒತ್ತಿ ನಿಲ್ಲದೆ ಒಂದು ಗೇಣು ಹಿಂದೆ ನಿಲ್ಲಿ, ಒಲೆಯ ವೃತ್ತ ಮುಚ್ಚುವಷ್ಟು ಅಗಲದ ಪಾತ್ರೆ ಇಡಿ.

ಗೀಸರ್ ಮಾತು ಮತ್ತೆ ತೆಗೆಯುತ್ತೇನೆ, ಯಾಕೆಂದರೆ ನೀವು ಅದರ ಬಗ್ಗೆ ಬರೆದಿಲ್ಲ. ಗ್ಯಾಸ್ ಗೀಸರ್ ಒಲೆಗಿಂತ ಜೋರಾಗಿ ಉರಿಯುತ್ತದೆ, ಬಚ್ಚಲುಮನೆ ಅಡುಗೆಮನೆಗಿಂತ ಚಿಕ್ಕದು, ಬಾಗಿಲು ಚಿಲಕ ಹಾಕಿರುತ್ತದೆ. ಒಳಗೆ ಬಿದ್ದರೆ ಹೊರಗಿನವರಿಗೆ ಗೊತ್ತಾಗುವುದೇ ತಡ. ಅದು ಬಚ್ಚಲಿನ ಒಳಗೇ ಇದ್ದರೆ ಹೊರಗೆ ಹಾಕಿಸಿ, ಹೊಗೆ ಹೊರಗೆ ಹೋಗುವ ಕೊಳವೆ ಇರಲೇಬೇಕು. ಅಲ್ಲಿಯವರೆಗೆ ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಾಗಿಲು ತೆಗೆದಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡುವುದು, ಕೆಂಡ ತಂದು ಮುಚ್ಚಿದ ರೂಮಿನಲ್ಲಿ ಇಡುವುದು ಯಾವತ್ತೂ ಬೇಡ.

ಇನ್ನು ಮುಂದಿನ ತಿಂಗಳುಗಳಲ್ಲಿ ಹೊಟ್ಟೆ ಮುಂದೆ ಬರುತ್ತದೆ. ಎಷ್ಟು ಬಂದಿದೆ ಅಂತ ಮೈಗೆ ಇನ್ನೂ ಅಭ್ಯಾಸ ಆಗಿರುವುದಿಲ್ಲ. ಹಿಂದಿನ ಬರ್ನರ್ ಮೇಲಿನ ಪಾತ್ರೆಗೆ ಕೈ ಚಾಚಿದರೆ ಮುಂದಿನ ಉರಿಗೆ ಬಟ್ಟೆ ತಾಗುತ್ತದೆ. ಹೆಚ್ಚಾಗಿ ಕೈ ಆಡಿಸಬೇಕಾದ್ದನ್ನು ಮುಂದೆ ಇಡಿ, ಸುಮ್ನೆ ಬೇಯುವುದನ್ನು ಹಿಂದೆ ಇಟ್ಟು, ಅದನ್ನು ಮುಟ್ಟುವಾಗ ಮುಂದಿನದನ್ನು ಆರಿಸಿಬಿಡಿ. ಜೋಲಾಡುವ ಬಟ್ಟೆ ಬೇಡ. ಮೈಗೆ ಹತ್ತಿರ ಇರುವ ಹತ್ತಿ ಬಟ್ಟೆ ಹಾಕಿ, ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಸಿಯಲ್ಲಿ ತುಂಬಾ ಹೊತ್ತು ನಿಂತರೆ ರಕ್ತ ಕಾಲಿಗೆ ಇಳಿದು ಕಣ್ಣು ಕತ್ತಲೆ ಬರುವುದುಂಟು. ಅಡುಗೆಮನೆಯಲ್ಲಿ ಒಂದು ಕುರ್ಚಿ ಇರಲಿ, ಹೆಚ್ಚುವುದು ಬಿಡಿಸುವುದೆಲ್ಲ ಕೂತೇ ಮಾಡಿ. ತಲೆ ಸುತ್ತಿದ ಹಾಗಾದರೆ ಮೊದಲು ಒಲೆ ಆರಿಸಿ, ಆಮೇಲೆ ಕೂರಿ. ಸುಟ್ಟುಕೊಂಡರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಹೊಟ್ಟೆಯ ಮೇಲೆ ಆಗಿದ್ದರೆ ಸೀದಾ ಆಸ್ಪತ್ರೆಗೆ.

ಅತ್ತೆಯವರಿಗೆ ನನ್ನ ಮಾತಾಗಿ ಹೇಳಿ: ಒಲೆ ಬಿಡಬೇಕಾಗಿಲ್ಲ, ಕಿಟಕಿ ಮುಚ್ಚಬಾರದು. ಅವರಿಗೆ ನಿಮ್ಮ ಮೇಲೆ ಕಾಳಜಿ ಇದೆ, ಅದು ದೊಡ್ಡದು. ಕರಿಯುವ, ತುಂಬಾ ಹೊತ್ತು ನಿಲ್ಲುವ ಕೆಲಸವನ್ನು ಅವರೋ ನಿಮ್ಮ ಮನೆಯವರೋ ಹಂಚಿಕೊಂಡರೆ ಅದೇ ಸಾಕು. ಬೇರೆ ಯಾರೂ ಮಾಡುವವರಿಲ್ಲದ ದಿನ ನೀವು ಮಾಡಿದರೂ ತಪ್ಪಿಲ್ಲ.

ಬರ್ನರ್ ತೊಳೆದು, ಕಿಟಕಿ ಬಾಗಿಲು ತೆಗೆದು ಒಂದು ವಾರ ಅಡುಗೆ ಮಾಡಿ ನೋಡಿ. ತಲೆ ಭಾರ ಬಂದ ಹೊತ್ತು, ಅದಕ್ಕೆ ಮೊದಲು ಒಲೆಯೋ ಗೀಸರೋ ಎಷ್ಟು ಹೊತ್ತು ಉರಿದಿತ್ತು, ಹೊರಗೆ ಹೋದಾಗ ಇಳಿಯಿತಾ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ಹಿಡಿದು ನಿಮ್ಮ ವೈದ್ಯರ ಹತ್ತಿರ ಹೋಗಿ, ಬಿಪಿಯನ್ನೂ ನೋಡಿಸಿ. ಐದು ತಿಂಗಳು ದಾಟಿದ ಮೇಲೆ ಬರುವ ತಲೆನೋವಿಗೆ ಅದನ್ನು ನೋಡಲೇಬೇಕು. ಈ ವಾರದ ಮಧ್ಯೆ ಒಲೆ ಉರಿಯುತ್ತಿರುವಾಗ ತಲೆ ತುಂಬಾ ಸುತ್ತಿದರೆ, ಎದೆ ಹೊಡೆದುಕೊಂಡರೆ, ಮಂಕು ಕವಿದ ಹಾಗಾದರೆ ಚೀಟಿ ಗೀಟಿ ಎಲ್ಲ ಬಿಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ಅಲ್ಲಿಂದಲೇ ಆಸ್ಪತ್ರೆಗೆ ಹೊರಡಿ.